ಮೇಸ್ತ್ರಿಯ ಜೀಪಿಗೆ ದೋಣಿಯ ಎಂಜಿನ್

ಹಳೆ ಜೀಪು ತಂದು, ಅದರ ಎಂಜಿನ್ ಕಿತ್ತು ಬೇರೆಯದ್ದು ಹಾಕಿಸಿ, ಚಕ್ರ ದೊಡ್ಡದು ಮಾಡಿ, ಮೇಲಿನ ಹುಡ್ ಹಾರಿಸಿ ಓಡಿಸುವ ಮರ್ಲು, ಅಂದರೆ ಹುಚ್ಚು, ಪುತ್ತೂರು, ಸುಳ್ಯ, ಕಡಬದವರಿಗೆ ಇದ್ದಷ್ಟು ಬೇರೆ ಯಾರಿಗೂ ಇರಲಿಕ್ಕಿಲ್ಲ. ಹಾಗಾಗಿ ಪುತ್ತೂರು ದರ್ಬೆಯ ನಮ್ಮ ಗ್ಯಾರೇಜಿನಲ್ಲಿ ವಾರಕ್ಕೊಂದು ತಮಾಷೆ ಆಗದಿದ್ದರೆ ನಮಗೇ ಏನೋ ಕಡಿಮೆ ಆದ ಹಾಗೆ. ಗ್ಯಾರೇಜು ಮೇಸ್ತ್ರಿಯದ್ದು. ನಾನು ಇಪ್ಪತ್ತೆರಡು ವರ್ಷದಿಂದ ಅವರ ಕೈಕೆಳಗೆ. ಇದರಲ್ಲಿ ಹೆಚ್ಚಿನದ್ದು ಅವರದ್ದೇ ಕಥೆ. ನಗಿಸಲಿಕ್ಕೆ ಅಂತಲೇ ಹೇಳಲು ಕೂತಿದ್ದೇನೆ. ನಡುವಲ್ಲಿ ನನ್ನ ಸ್ವರ ಸ್ವಲ್ಪ ಆಚೀಚೆ ಆದರೆ ಗಮನಿಸಬೇಡಿ.

೧. ಪೂರ್ವದಿಂದ ಬಂದ ಎಂಜಿನ್

ಎಂಜಿನ್ ಆರಿಸುವ ವಿಷಯದಲ್ಲಿ ಮೇಸ್ತ್ರಿಗೆ ಒಂದೇ ಮಾತು. "ಎಲ್ಲರೂ ಹಾಕುವ ಡೀಸೆಲ್ ಎಂಜಿನ್ ಹಾಕಿ. ಚಂದದ್ದು, ಅಪರೂಪದ್ದು ಅಂತ ಬೇರೆ ಎಂತದ್ದಾದರೂ ಹಾಕಿ ಸಂಪಾಜೆ ಘಾಟಿಯಲ್ಲಿ ನಿಂತರೆ ಸಾಮಾನು ಎಲ್ಲಿ ಸಿಕ್ತದೆ?" ಇದನ್ನು ಅವರು ಎಷ್ಟು ಜನಕ್ಕೆ ಹೇಳಿದ್ದಾರೋ ಲೆಕ್ಕ ಇಲ್ಲ. ಕೇಳಿದವರು ತಲೆ ಆಡಿಸಿ, ಮರುದಿನ ಅಪರೂಪದ್ದನ್ನೇ ಹೊತ್ತು ತರುತ್ತಿದ್ದರು.

ಕಡಬದ ಒಬ್ಬ ಗುತ್ತಿಗೆದಾರರು ಕೇರಳದ ಗುಜರಿಯಿಂದ ಯಾವುದೋ ಪರದೇಶದ ಆರು ಸಿಲಿಂಡರಿನ ಎಂಜಿನ್ ತಂದರು. ಇಳಿಸಿ ಆದ ಮೇಲೆ ಅವರಿಗೆ ಸಂಶಯ ಶುರುವಾಯಿತು. ಮೇಸ್ತ್ರಿಯ ಮಾತಿನ ಮೇಲೆ ವಿಶ್ವಾಸ ಸಾಲದೆ ಜೋಯಿಸರ ಹತ್ತಿರ ಹೋಗಿ ಕವಡೆ ಹಾಕಿಸಿ ಪ್ರಶ್ನೆ ಇಟ್ಟರು. "ಪೂರ್ವ ದಿಕ್ಕಿನಿಂದ ಬಂದದ್ದಾದರೆ ಯಾವ ತೊಂದರೆಯೂ ಇಲ್ಲ" ಅಂತ ಬಂತಂತೆ. ಇದು ಬಂದದ್ದು ತೆಂಕಣದಿಂದ. ಮುಖ ಬಾಡಿಸಿಕೊಂಡು ಬಂದು ಎಂಜಿನ್ನಿನ ಎದುರು ನಿಂತರು.

ಮೇಸ್ತ್ರಿ ಒಂದು ಕ್ಷಣವೂ ಯೋಚಿಸಲಿಲ್ಲ. "ಪಿಕಪ್ಪಿಗೆ ಹಾಕಿ ಪೂರ್ವಕ್ಕೆ ಗುಂಡ್ಯದವರೆಗೆ ಕೊಂಡೋಗಿ. ಚಾ ಕುಡಿದು ವಾಪಸು ತನ್ನಿ. ಪೂರ್ವದಿಂದಲೇ ಬಂದ ಹಾಗೆ ಆಗ್ತದಲ್ಲ?"

ನಾನು ತಮಾಷೆ ಅಂದುಕೊಂಡೆ. ಪುಣ್ಯಾತ್ಮರು ನಿಜವಾಗಿಯೂ ಹೋದರು! ಸಂಜೆಗೆ ಎಂಜಿನ್ ಸೇವಂತಿಗೆ ಮಾಲೆ ಹಾಕಿಕೊಂಡು ಘಾಟಿಯ ಬುಡದಿಂದ ಮೆರವಣಿಗೆಯಲ್ಲಿ ಬಂತು.

"ಇನ್ನು ಹಾಕಬಹುದಲ್ಲ, ಮೇಸ್ತ್ರಿಗಳೇ?"

"ಧಾರಾಳ. ಆದರೆ ಘಾಟಿಯಲ್ಲಿ ನಿಂತರೆ ಫೋನು ಜೋಯಿಸರಿಗೆ ಮಾಡಿ, ನನಗಲ್ಲ."

೨. ಸ್ಪೆಷಲ್ ಪರೀಕ್ಷೆ

ಮೇಸ್ತ್ರಿಯ ಕಿವಿ ಅಂದರೆ ಮೂರು ತಾಲೂಕಿನಲ್ಲಿ ಹೆಸರು. ಮುಖ್ಯರಸ್ತೆಯಲ್ಲಿ ಜೀಪು ತಿರುಗುವಾಗಲೇ ಒಳಗೆ ಕೂತು, "ಓ ಸುಳ್ಯದವರದ್ದು ಬಂತು, ಮೂರನೇ ವಾಲ್ವ್ ಲೂಸ್ ಉಂಟು" ಅನ್ನುತ್ತಿದ್ದರು. ತೆಗೆದು ನೋಡಿದರೆ ಮೂರನೆಯದ್ದೇ.

ಒಂದು ದಿನ, ಒಬ್ಬ ಮಾಸ್ಟ್ರ ಜೀಪು ಸರ್ವಿಸ್ ಆಗಿ ಅಂಗಳದಲ್ಲಿ ಮೆಲ್ಲಗೆ ಚಾಲೂ ಇತ್ತು. ಮೇಸ್ತ್ರಿ ಹೋಗಿ ಹತ್ತಿ ಕೂತು ಚಾವಿ ತಿರುಗಿಸಿದರು. ಓಡುತ್ತಿರುವ ಎಂಜಿನ್ನಿಗೆ ಪುನಃ ಸ್ಟಾರ್ಟರ್ ಕೊಟ್ಟರೆ ಎಂತ ಆಗ್ತದೆ ಅಂತ ಗೊತ್ತಲ್ಲ? ಹಲ್ಲು ಹಲ್ಲಿಗೆ ತಾಗಿ "ಕರ್ರ್‌ರ್" ಅಂತ ಅರಚಿತು. ಅವರು ಪುನಃ ತಿರುಗಿಸಿದರು. ಮೂರನೇ ಸಲಕ್ಕೆ ನಾನು ಓಡಿಹೋಗಿ ಕೈ ಹಿಡಿದೆ.

ಮಾಸ್ಟ್ರು ಗಾಬರಿಯಿಂದ, "ಎಂತ ಮಾಡಿದ್ದು ಮೇಸ್ತ್ರಿಗಳೇ? ಸ್ಟಾರ್ಟ್ ಉಂಟಲ್ಲ?" ಅಂದರು.

ಮೇಸ್ತ್ರಿ ನನ್ನ ಮುಖ ನೋಡಿದರು. ಎಂಜಿನ್ ಓಡುತ್ತಿದ್ದದ್ದು ಅವರಿಗೆ ಕೇಳಿರಲೇ ಇಲ್ಲ. ಮತ್ತೆ ಸಾವರಿಸಿಕೊಂಡು ಗಂಭೀರವಾಗಿ, "ಸ್ಟಾರ್ಟರಿನ ಹಲ್ಲು ಪರೀಕ್ಷೆ ಮಾಡಿದ್ದು. ಗಟ್ಟಿ ಉಂಟು" ಅಂದರು.

ಮುಂದಿನ ತಿಂಗಳು ಮಾಸ್ಟ್ರು ತಮ್ಮ ಭಾವನನ್ನೂ ಅವನ ಜೀಪನ್ನೂ ಕರಕೊಂಡು ಬಂದರು. "ಇವನದ್ದಕ್ಕೂ ಆ ಸ್ಪೆಷಲ್ ಪರೀಕ್ಷೆ ಮಾಡಿ, ಬೇರೆ ಗ್ಯಾರೇಜಿನವರಿಗೆ ಅದು ಗೊತ್ತೇ ಇಲ್ಲವಂತೆ!"

೩. ಟ್ಯೂನಿಂಗ್ ಸರಿ ಇಲ್ಲ

ಮೇಸ್ತ್ರಿಯನ್ನು ಡಾಕ್ಟರ ಹತ್ತಿರ ನಾನೇ ಕರಕೊಂಡು ಹೋದೆ. ಹೊರಡುವಾಗ ಅಕ್ಕನೂ, ಅಂದರೆ ಮೇಸ್ತ್ರಿಯ ಹೆಂಡತಿಯೂ ಜೀಪು ಹತ್ತಿದರು. ಕಿವಿಯ ನರ ಸವೆದಿದೆ, ಕೇಳುದು ನಿಧಾನಕ್ಕೆ ಪೂರ್ತಿ ಹೋಗ್ತದೆ, ಒಂದು ವರ್ಷ ಸಿಕ್ಕಿದರೆ ಅದೃಷ್ಟ ಅಂತ ಡಾಕ್ಟರು ಹೇಳಿದರು.

ಮೇಸ್ತ್ರಿ ಕೇಳಿದ್ದು ಒಂದೇ. "ಆ ಸಾಮಾನು ಬದಲಿಸಲಿಕ್ಕೆ ಆಗುದಿಲ್ಲವಾ?"

ಆಗುದಿಲ್ಲ ಅಂದರು. ಸದ್ಯಕ್ಕೆ ಕಿವಿಗೆ ಇಡುವ ಒಂದು ಮಿಷನ್ ಕೊಟ್ಟರು. ಅದು ಇಟ್ಟ ಮೇಲೆ ಮೇಸ್ತ್ರಿಗೆ ಕುಕ್ಕರಿನ ಸೀಟಿ ಕೇಳಿತು, ಕಾಗೆ ಕೇಳಿತು. ಎಂಜಿನ್ ಮಾತ್ರ ಬರೇ ಗರಗರ. ಯಾವ ವಾಲ್ವ್, ಯಾವ ಬೇರಿಂಗ್ ಅಂತ ಬಿಡಿಸಿ ಗೊತ್ತಾಗುದಿಲ್ಲ. ಎರಡನೇ ದಿನ ನೋಡಿದರೆ ಮೇಸ್ತ್ರಿ ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿ ಆ ಮಿಷನನ್ನೇ ಬಿಚ್ಚಿ ಕೂತಿದ್ದಾರೆ!

"ಇದು ಬರುವಾಗಲೇ ಟ್ಯೂನಿಂಗ್ ಸರಿ ಇಲ್ಲ ಮಾರಾಯ."

ಜೋಡಿಸಿದ ಮೇಲೆ ಎರಡು ಸಾಮಾನು ಹೆಚ್ಚಾಗಿ ಉಳಿಯಿತು. ಅಕ್ಕ ಅದನ್ನು ನೋಡಿ ಮೊದಲು ಬೈದರು, ಮತ್ತೆ ಅತ್ತರು, ಮತ್ತೆ ಕಣ್ಣು ಒರಸಿಕೊಂಡು ನನ್ನ ಹತ್ತಿರ, "ಮದುವೆ ಆದ ಲಾಗಾಯ್ತು ಇವರು ನಾನು ಹೇಳಿದ್ದು ಕೇಳಿದವರಲ್ಲ. ಆಗ ಯಾವ ನರ ಸವೆದಿತ್ತೋ ಡಾಕ್ಟರ ಹತ್ತಿರ ಕೇಳಬೇಕಿತ್ತು" ಅಂದರು.

೪. ಹಿಂದಕ್ಕೆ ಮೂರು ಗೇರು

ಮೇಸ್ತ್ರಿಯ ಸ್ವಂತದ್ದೊಂದು ಜೀಪು ಶೆಡ್ಡಿನ ಮೂಲೆಯಲ್ಲಿ ಎಂಜಿನ್ ಇಲ್ಲದೆ ಹತ್ತು ವರ್ಷದಿಂದ ಕೂತಿತ್ತು. ಗಿರಾಕಿಗಳ ಕೆಲಸ ಮುಗಿದರಲ್ಲವಾ ಅದಕ್ಕೆ ಕೈ ಹಾಕುದು? ಡಾಕ್ಟರು ಹೇಳಿ ಆದ ಮರುವಾರ ಅವರು ಅದರ ಮೇಲಿನ ಟರ್ಪಾಲು ಎಳೆದರು.

ನಮ್ಮಲ್ಲಿ ಎಲ್ಲರೂ ಹಾಕುವ ಡೀಸೆಲ್ ಎಂಜಿನ್ ಒಂದು ತಯಾರಾಗಿ ಇತ್ತು. ವಾರದೊಳಗೆ ಕೂರಿಸಬಹುದಿತ್ತು. ಮೇಸ್ತ್ರಿ ಅದರ ಹತ್ತಿರವೂ ಹೋಗಲಿಲ್ಲ. ಮಂಗಳೂರಿನ ಬಂದರಿನಿಂದ ಒಂದು ಹಳೆ ಮೀನುದೋಣಿಯ ಎಂಜಿನ್ ತರಿಸಿದರು. ಎರಡೇ ಸಿಲಿಂಡರು, ಉಪ್ಪು ತಿಂದು ತುಕ್ಕು ಹಿಡಿದು ಜಾಮ್ ಆದದ್ದು.

ನನಗೆ ಪಿತ್ತ ನೆತ್ತಿಗೇರಿತು. "ಇದು ಸಂಪಾಜೆಯಲ್ಲಿ ನಿಂತರೆ ಸಾಮಾನು ಎಲ್ಲಿ ಸಿಕ್ತದೆ?" ಅಂತ ಅವರ ಕಿವಿಯ ಹತ್ತಿರವೇ ಕಿರುಚಿದೆ.

"ಸಂಪಾಜೆಗೆ ಯಾರು ಹೋಗ್ತಾರೆ ಮಾರಾಯ? ಆ ಡೀಸೆಲಿನ ಸೌಂಡು ನನಗೆ ಈಗಲೇ ಕೇಳುದಿಲ್ಲ. ಇದು ಸಮುದ್ರದಲ್ಲಿ ಹೋಗುವಾಗ ದಡಕ್ಕೆ ಕೇಳ್ತದೆ. ಪೂರ್ತಿ ಹೋಗುವ ಮೊದಲು ನನ್ನ ಜೀಪಿನ ಸೌಂಡು ಒಮ್ಮೆ ನನಗೆ ಕೇಳಬೇಕು. ಅಷ್ಟೆ."

ನಾನು ಸ್ಪ್ಯಾನರ್ ತಂದು ಬಿಚ್ಚಲಿಕ್ಕೆ ಕೂತೆ.

ಪಿಸ್ಟನ್ನಿನ ರಿಂಗು ಎಲ್ಲವೂ ಹೋಗಿತ್ತು. ಅದು ಪುತ್ತೂರಿನಲ್ಲಿ ಇಲ್ಲ, ಮಂಗಳೂರಿನಲ್ಲಿ ಇಲ್ಲ. ಒಬ್ಬ ಅಂಗಡಿಯವರು ಕೈಯಲ್ಲಿ ತಿರುಗಿಸಿ ನೋಡಿ, "ಇದು ಅಜ್ಜಿಯಂದಿರ ಬಳೆಯಾ?" ಅಂತ ಕೇಳಿದರು. ಕೇರಳದ ಬಂದರುಗಳಿಗೆಲ್ಲ ಫೋನು ಮಾಡಿದೆ. ತಿಂಗಳು ಒಂದಾಯಿತು, ಮೂರಾಯಿತು. ಆಚೆ ಹೊಸ ಮಿಷನ್ ಇಟ್ಟರೂ ಮೇಸ್ತ್ರಿಗೆ ಕುಕ್ಕರು ಕೇಳುದು ನಿಂತಿತು. ನಾನು ಮಾತಾಡುದು ಬಿಟ್ಟು ಬಾನೆಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಲಿಕ್ಕೆ ಶುರುಮಾಡಿದೆ.

ಇದರ ನಡುವೆ ನಮಗೆ ಲೇತ್ ಕೆಲಸ ಮಾಡಿಕೊಡುವವ ಬಂದು ಎಂಜಿನ್ನಿನ ಮೇಲಿದ್ದ ಬಾಣದ ಗುರುತು ತೋರಿಸಿದ. ಅದು ತಿರುಗುದು ಉಲ್ಟಾ. ಹಾಗೇ ಜೀಪಿಗೆ ಕೂರಿಸಿದರೆ ಹಿಂದಕ್ಕೆ ಮೂರು ಗೇರು, ಮುಂದಕ್ಕೆ ಒಂದೇ. ಚಕ್ರ ತಿರುಗಿಸುವ ಆಕ್ಸಿಲನ್ನು ಕವುಚಿ ಹಾಕದೆ ಉಪಾಯ ಇಲ್ಲ. ನಾನು ತಲೆಗೆ ಕೈ ಕೊಟ್ಟು ಕೂತು ಇದನ್ನೆಲ್ಲ ಬಾನೆಟ್ಟಿನ ಮೇಲೆ ಬರೆದೆ.

ಮೇಸ್ತ್ರಿ ಓದಿ ನಕ್ಕರು. "ಇರಲಿ ಬಿಡು. ಇಷ್ಟು ವರ್ಷ ಮುಂದೆಯೇ ಹೋದದ್ದಲ್ಲವಾ? ಹಿಂದೆ ಹೋದರೆ ನನ್ನ ಕಿವಿ ಸರಿ ಇದ್ದ ಕಾಲ ಸಿಕ್ಕಿದರೂ ಸಿಕ್ಕೀತು."

೫. ಸ್ಟಾರ್ಟ್

ರಿಂಗು ಐದನೇ ತಿಂಗಳಿಗೆ ಬಂತು. ನಾನು ಬೇರೆ ಎಲ್ಲ ಕೆಲಸ ಬಿಟ್ಟು ಒಂದೇ ಉಸಿರಿಗೆ ಜೋಡಿಸಿದೆ. ಆದರೂ ಆಕ್ಸಿಲಿನದ್ದೆಲ್ಲ ಸೇರಿ ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನದಲ್ಲಿ ಮೇಸ್ತ್ರಿ ಒಂದು ಸಲವೂ ಮಾತಿಗೆ ತಿರುಗಿ ನೋಡಲಿಲ್ಲ. ನಾನು ಬೇಕಂತಲೇ ಅವರ ಬೆನ್ನ ಹಿಂದೆ ಸ್ಪ್ಯಾನರ್ ಬೀಳಿಸಿ ನೋಡಿದ್ದೂ ಉಂಟು. ಆ ಪರೀಕ್ಷೆ ಮಾಡಿದ್ದಕ್ಕೆ ನನಗೆ ನನ್ನ ಮೇಲೆಯೇ ಹೇಸಿಗೆ ಆಯಿತು.

ಸ್ಟಾರ್ಟ್ ಮಾಡುವ ದಿನ ಮಧ್ಯಾಹ್ನ ಊಟ ಆದ ಮೇಲೆ ಅಕ್ಕನೂ ಬಂದರು. ಮೇಸ್ತ್ರಿ ಇಸ್ತ್ರಿ ಹಾಕಿದ ಅಂಗಿ ಹಾಕಿ ಬಂದಿದ್ದರು. ಹತ್ತಿ ಕೂತು, ಸ್ಟೇರಿಂಗಿಗೆ ಕೈ ಮುಗಿದು, ಚಾವಿ ತಿರುಗಿಸಿದರು.

ಅಬ್ಬಬ್ಬಾ! ಗುಡುಗಿದ ಹಾಗೆ ಹೊತ್ತಿಕೊಂಡಿತು. ಶೆಡ್ಡಿನ ಶೀಟು ನಡುಗಿತು. ಕರೆಂಟು ತಂತಿಯ ಮೇಲಿನ ಕಾಗೆಗಳೆಲ್ಲ ಹಾರಿದವು. ಎದುರಿನ ಟೈಲರು ಕತ್ತರಿ ಹಿಡಿದುಕೊಂಡೇ ರಸ್ತೆಗೆ ಓಡಿ ಬಂದರು. ಅಕ್ಕ ಎರಡೂ ಕಿವಿ ಮುಚ್ಚಿ ಗೋಡೆಗೆ ಒರಗಿದರು.

ಮೇಸ್ತ್ರಿ ಕಣ್ಣು ಮುಚ್ಚಿ ಕೂತಿದ್ದರು. ಮೈ ಇಡೀ ಕುಲುಕುತ್ತಿತ್ತು. ಸ್ವಲ್ಪ ಹೊತ್ತು ಕಾದರು. ಆಕ್ಸಿಲರೇಟರು ಒತ್ತಿದರು, ಪುನಃ ಕಾದರು. ಕಣ್ಣು ಬಿಟ್ಟು ನನ್ನನ್ನು ಹತ್ತಿರ ಕರೆದರು.

"ಆ ಸೈಲೆನ್ಸರ್ ಒಮ್ಮೆ ಬಿಚ್ಚು ಮಾರಾಯ."

ಸೈಲೆನ್ಸರ್ ನಾನು ಹಾಕಿರಲೇ ಇಲ್ಲ. ಅವರಿಗೆ ಕೇಳಲಿ ಅಂತಲೇ ಹಾಕದೆ ಬಿಟ್ಟದ್ದು.

ಸೀಮೆಸುಣ್ಣ ತೆಗೆದು ಬಾನೆಟ್ಟಿನ ಮೇಲೆ ಬರೆಯಲಿಕ್ಕೆ ಕೈ ಎತ್ತಿದೆ. ಬರೆಯಲಿಕ್ಕೆ ಆಗಲಿಲ್ಲ. ಸ್ಪ್ಯಾನರ್ ಹಿಡಿದು ಜೀಪಿನ ಅಡಿಗೆ ನುಗ್ಗಿದೆ. ಅಲ್ಲಿ ಅಂಗಾತ ಮಲಗಿ, ಇಲ್ಲದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದೆ. ಚಾಸಿಗೆ ನಾಲ್ಕು ಸಲ ಬಡಿದೆ. ಅಳುವಷ್ಟು ಅಲ್ಲಿಯೇ ಅತ್ತು ಮುಗಿಸಿದೆ. ಆ ಗದ್ದಲಕ್ಕೆ ಯಾರಿಗೂ ಕೇಳುವ ಹೆದರಿಕೆ ಇರಲಿಲ್ಲ. ಹೊರಗೆ ಬಂದು, ಆಯಿತು ಅಂತ ಕೈ ಆಡಿಸಿದೆ.

ಟೈಲರು ನನ್ನ ಕಿವಿಗೆ ಬಾಯಿಟ್ಟು, "ಎಂತದ್ದು ಮಾರಾಯ್ರೆ ಬಿಚ್ಚಿದ್ದು? ಮೊದಲಿನ ಹಾಗೆಯೇ ಉಂಟಲ್ಲ!" ಅಂತ ಕಿರುಚಿದರು.

ಮೇಸ್ತ್ರಿ ಪುನಃ ಆಕ್ಸಿಲರೇಟರು ಒತ್ತಿ, ತಲೆ ಸ್ವಲ್ಪ ವಾಲಿಸಿ ಆಲಿಸಿದರು. ಗೋಡೆಯ ಹತ್ತಿರ ಕಿವಿ ಮುಚ್ಚಿ ನಿಂತಿದ್ದ ಅಕ್ಕನನ್ನು ನೋಡಿದರು. ಮಣ್ಣಾದ ನನ್ನ ಅಂಗಿಯನ್ನೂ ಕೆಂಪಾದ ಕಣ್ಣನ್ನೂ ನೋಡಿದರು. ಮತ್ತೆ ಮುಖ ಅರಳಿಸಿ, ಇಡೀ ದರ್ಬೆಗೆ ಕೇಳುವ ಹಾಗೆ ಹೇಳಿದರು:

"ಹಾಂ, ಈಗ ಕೇಳ್ತದೆ!"