ಬಿಳಿ ಬೋರ್ಡಿನ ಬಡವಿ

ನಮ್ಮೂರಿನಲ್ಲಿ ಅರ್ಜಿ ಎಂದರೆ ನಾನು. ಕ್ಯಾಸಂಬಳ್ಳಿಯಿಂದ ಮೂರು ಮೈಲಿ ಒಳಗಿರುವ ಈ ಹಳ್ಳಿಯಲ್ಲಿ ಯಾರಿಗೆ ವಿಧವಾ ವೇತನ ಬರಬೇಕಾದರೂ, ಯಾರ ಆಧಾರ್ ಕಾರ್ಡಿನಲ್ಲಿ ಹೆಸರು ತಿದ್ದಬೇಕಾದರೂ ಮೊದಲು ನಮ್ಮ ಜಗುಲಿಗೇ ಬರುತ್ತಾರೆ. ಹನ್ನೊಂದು ವರ್ಷ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆಯಾಗಿದ್ದವಳು ನಾನು, ಮುನಿರತ್ನಮ್ಮ. ಓದಿದ್ದು ಏಳನೇ ಕ್ಲಾಸು. ಆದರೆ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಬರೆಯಲು ಅಷ್ಟು ಧಾರಾಳವಾಗಿ ಸಾಕು!

ಹಾಗಾಗಿ ನಮ್ಮ ಯಜಮಾನರಿಗೆ ಹರ್ನಿಯಾ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದಾಗ ನಾನು ಹೆದರಲಿಲ್ಲ.

"ಎರಡು ತಿಂಗಳೊಳಗೆ ಮಾಡಿಸಿಬಿಡಿ. ಕರುಳು ಸಿಕ್ಕಿಹಾಕಿಕೊಂಡರೆ ಪ್ರಾಣಕ್ಕೇ ಕುತ್ತು. ಅಲ್ಲಿವರೆಗೆ ಬೆಲ್ಟ್ ಹಾಕಿಕೊಳ್ಳಿ. ಭಾರ ಎತ್ತಬೇಡಿ, ಏನನ್ನೂ ತಳ್ಳಬೇಡಿ," ಎಂದರು ಡಾಕ್ಟರು.

"ಬಿಪಿಎಲ್ ಕಾರ್ಡೈತೆ, ಒಂದ್ರೂಪಾಯಿ ಖರ್ಚಿಲ್ಲ. ನೀನು ಸುಮ್ಕೆ ಓಗಿ ಮಲ್ಕೋ ಮಾವ. ಮಿಕ್ಕಿದ್ದು ನಾನು ನೋಡ್ಕಂತೀನಿ," ಎಂದೆ ನಾನು.

ಯಜಮಾನರು ನನ್ನ ಸೋದರಮಾವ. ಮದುವೆಯಾಗಿ ನಲವತ್ತೆರಡು ವರ್ಷವಾದರೂ ನಾನು ಮಾವ ಎಂದೇ ಕರೆಯುವುದು. ಈಗ ಅವರಿಗೆ ಅರವತ್ತೇಳು, ನನಗೆ ಅರವತ್ತೆರಡು. ಒಂದು ಕಾಲಕ್ಕೆ ಪ್ರೈವೇಟ್ ಬಸ್ಸಿನ ಡ್ರೈವರಾಗಿದ್ದವರು. ಮಾತು ಕಡಿಮೆ. ಅವರ ಪಾಲಿನದನ್ನೂ ನಾನೇ ಆಡಿ ಮುಗಿಸುತ್ತೇನೆ.

ಕೋಲಾರದ ಆಸ್ಪತ್ರೆಯ ಕೌಂಟರಿನಲ್ಲಿ ಕಾರ್ಡು ಕೊಟ್ಟು, ಸೆರಗು ಸರಿಮಾಡಿಕೊಂಡು ನಿಂತೆ. ಒಳಗಿದ್ದ ಹುಡುಗಿ ಕಂಪ್ಯೂಟರಿನಲ್ಲಿ ಒತ್ತಿ ನೋಡಿ ತಲೆಯಾಡಿಸಿದಳು.

"ಅಮ್ಮಾ, ಇದು ಬಿಪಿಎಲ್ ಅಲ್ಲ. ಈ ತಿಂಗಳಿಂದ ಎಪಿಎಲ್ ಆಗಿದೆ. ಖರ್ಚಿನಲ್ಲಿ ಹೆಚ್ಚಿನ ಪಾಲು ನೀವೇ ಕಟ್ಟಬೇಕಾಗುತ್ತೆ."

"ಮಿಷನ್ನು ತಪ್ಪು ತೋರಿಸ್ತೈತೆ ಕಣಮ್ಮಾ. ಇನ್ನೊಂದ್ಸಲ ಒತ್ತು."

ಅವಳು ಒತ್ತಿದಳು. ಮಿಷನ್ನು ಮಾತು ಬದಲಿಸಲಿಲ್ಲ. ನಾವು ರಾತ್ರೋರಾತ್ರಿ ಅನುಕೂಲಸ್ಥರಾಗಿದ್ದೆವು. ನಮಗೆ ಮಾತ್ರ ಗೊತ್ತಿರಲಿಲ್ಲ!

ಮಾರನೇ ದಿನ ಯಜಮಾನರನ್ನು ಕರೆದುಕೊಂಡು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ನುಗ್ಗಿದೆ. ಅಲ್ಲಿದ್ದ ಮೇಡಂ ತಾಳ್ಮೆಯವರು. ಬಿಪಿಎಲ್‌ಗೆ ಏನೇನು ಇರಬಾರದು ಎಂಬ ಪಟ್ಟಿ ತೆಗೆದು ಒಂದೊಂದಾಗಿ ಓದಿದರು.

"ಏಳೂವರೆ ಎಕರೆಗಿಂತ ಜಾಸ್ತಿ ಜಮೀನು?"

"ಒಂದೂಕಾಲು ಎಕರೆ ಮೇಡಂ. ಅದ್ರಾಗೆ ಕಾಲು ಎಕರೆ ಬರೀ ಬಂಡೆ."

"ಸರ್ಕಾರಿ ಕೆಲಸ? ಆದಾಯ ತೆರಿಗೆ?"

"ಆದಾಯನೇ ಇಲ್ಲ, ಇನ್ನು ತೆರಿಗೆ ಎಲ್ಲಿಂದ ತರೋಣ?"

ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬರುತ್ತಿರುವ ಹುಡುಗಿಯಂತೆ ಹಿಗ್ಗುತ್ತಾ ಯಜಮಾನರ ಕಡೆ ನೋಡಿದೆ.

"ನಾಲ್ಕು ಚಕ್ರದ ವಾಹನ?"

"ಇಲ್ಲ."

"ಇದೆಯಮ್ಮಾ. ವ್ಯಾನು. ನಿಮ್ಮ ಹೆಸರಲ್ಲೇ ಇದೆ."

ಆಗ ನೆನಪಾಯಿತು.

ಬಸ್ಸಿನ ಕೆಲಸ ಬಿಟ್ಟ ಮೇಲೆ ಯಜಮಾನರು ಹಳೆಯದೊಂದು ವ್ಯಾನು ಕೊಂಡಿದ್ದರು. ಬಾಡಿಗೆಗೆ ಓಡಿಸಿ ನಾಲ್ಕು ಕಾಸು ನೋಡೋಣ, ಹಳದಿ ಬೋರ್ಡು ಮಾಡಿಸೋಣ ಎಂದು ಅವರ ಆಸೆ. ನಾನು ಒಪ್ಪಲಿಲ್ಲ. ಸಂಘದ ಅಧ್ಯಕ್ಷೆ ಹಳದಿ ಬೋರ್ಡಿನಲ್ಲಿ ಹೋದರೆ ಯಾರದೋ ಬಾಡಿಗೆ ಗಾಡಿಯಲ್ಲಿ ಬಂದಳು ಅನ್ನುವುದಿಲ್ಲವೇ? ಬಿಳಿ ಬೋರ್ಡೇ ಆಗಬೇಕು, ನನ್ನ ಹೆಸರಲ್ಲೇ ಇರಬೇಕು ಎಂದು ಮೂರು ದಿನ ಮಾತು ಬಿಟ್ಟೆ. ಬಿಳಿ ಬೋರ್ಡೇ ಆಯಿತು. ಅಲ್ಲಿಂದ ಮುಂದೆ ಬಾಡಿಗೆಗೆ ಹೋಗುವಂತಿಲ್ಲ. ನೆಂಟರಿಷ್ಟರನ್ನು ಮದುವೆ, ತಿಥಿ, ಹೆರಿಗೆಗೆ ಬಿಟ್ಟಿ ಹೊತ್ತು ತಿರುಗುವ ಗೌರವ ಮಾತ್ರ ಉಳಿಯಿತು. ಆಮೇಲೆ ವ್ಯಾನು ಕೆಟ್ಟು ಹಿತ್ತಿಲ ಹೊಂಗೆ ಮರದಡಿ ನಿಂತಿತು. ಏಳು ವರ್ಷದಿಂದ ಅದರಲ್ಲಿ ನಮ್ಮ ಕೋಳಿಗಳ ವಾಸ. ಅದು ವಾಹನ ಎಂಬುದನ್ನೇ ನಾನು ಮರೆತಿದ್ದೆ. ಸರ್ಕಾರ ಮರೆತಿರಲಿಲ್ಲ!

"ಹಳದಿ ಬೋರ್ಡ್ ಆಗಿದ್ದರೆ ಜೀವನಕ್ಕೆ ಅಂತ ಒಂದು ಗಾಡಿಗೆ ವಿನಾಯಿತಿ ಇರುತ್ತಿತ್ತು. ನಿಮ್ಮದು ಬಿಳಿ ಬೋರ್ಡು," ಎಂದರು ಮೇಡಂ.

ಯಜಮಾನರು ನನ್ನನ್ನು ನೋಡಿದರು. ನಲವತ್ತೆರಡು ವರ್ಷದ ಸಂಸಾರದಲ್ಲಿ ಅವರು ಅಷ್ಟು ಜೋರಾಗಿ ಸುಮ್ಮನಿದ್ದದ್ದು ಅದೇ ಮೊದಲು.

"ಗಾಡಿ ಕೆಟ್ಟು ನಿಂತಿದೆ ಅಂತ ಅರ್ಜಿ ಕೊಡಿ, ಫೋಟೋ ಲಗತ್ತಿಸಿ. ನೋಡೋಕೆ ಇನ್ಸ್‌ಪೆಕ್ಟರ್ ಬರ್ತಾರೆ. ಜೊತೆಗೆ ಆರ್‌ಟಿಓನಲ್ಲಿ ನೋಂದಣಿ ರದ್ದು ಮಾಡಿಸಿ," ಎಂದು ಮೇಡಂ ದಾರಿ ತೋರಿಸಿದರು.

ಅರ್ಜಿ! ಫೋಟೋ! ಇದೆಲ್ಲ ನನ್ನ ಎಡಗೈ ಕೆಲಸ. ಇವರ ಆಪರೇಷನ್ ಮಾಡಿಸದೆ ಬಿಡುವುದಿಲ್ಲ ಎಂದು ಅಲ್ಲೇ ಸೊಂಟಕ್ಕೆ ಸೆರಗು ಸಿಕ್ಕಿಸಿದೆ.

ಫೋಟೋ ಎಂದ ಮೇಲೆ ಕೋಳಿ ಗಲೀಜಿನ ಜೊತೆ ತೆಗೆಯಲಾಗುತ್ತದೆಯೇ? ಕೋಳಿಗಳನ್ನು ಓಡಿಸಿ, ಒಳಗೆ ಗುಡಿಸಿ, ಎಂಟು ಬಿಂದಿಗೆ ನೀರು ಸುರಿದು ಸೀಗೆಪುಡಿ ಹಾಕಿ ಉಜ್ಜಿದೆ. ಸರ್ಕಾರಿ ಕೆಲಸ ಸುಗಮವಾಗಲಿ ಎಂದು ಗಾಜಿಗೆ ಅರಿಶಿನ ಕುಂಕುಮ ಇಟ್ಟೆ. ಹೇಗೂ ಇಟ್ಟಿದ್ದೇನಲ್ಲ ಎಂದು ಒಂದು ಮೊಳ ಸೇವಂತಿಗೆಯನ್ನೂ ಮುಡಿಸಿದೆ. ಫೋಟೋ ಬಹಳ ಚೆನ್ನಾಗಿ ಬಂತು.

ಮೇಡಂ ಅದನ್ನು ನೋಡಿ ಕೇಳಿದರು: "ಹೊಸದು ಯಾವಾಗ ತಗೊಂಡ್ರಿ?"

ಹೇಗೋ ಬೇಡಿಕೊಂಡು ಅರ್ಜಿ ಕೊಟ್ಟು ಬಂದೆ. ಇನ್ನು ಉಳಿದದ್ದು ಆರ್‌ಟಿಓ. ಗಾಡಿ ಅಲ್ಲಿಗೇ ತರಬೇಕು ಎಂದು ಯಾರೋ ಹೇಳಿದರು. ಇನ್ನೊಬ್ಬರನ್ನು ಕೇಳಬಹುದಿತ್ತು. ಕೇಳಿದರೆ ನನ್ನ ಗೌರವಕ್ಕೆ ಕುಂದು! ನೇರವಾಗಿ ಕೆಜಿಎಫ್‌ನ ಕೋರಮಂಡಲ್‌ಗೆ ಹೋಗಿ ಮೆಕ್ಯಾನಿಕ್ ಸೆಲ್ವರಾಜರನ್ನು ಕರೆತಂದೆ. ಚಿನ್ನದ ಗಣಿ ಮುಚ್ಚುವವರೆಗೆ ಅಲ್ಲಿನ ಲಾರಿ ಶೆಡ್ಡಿನಲ್ಲಿದ್ದ ಹಿರಿಯರು. ಎರಡು ದಿನ ವ್ಯಾನಿನ ಕೆಳಗೇ ಮಲಗಿ, ಎಲ್ಲಿಂದಲೋ ಬ್ಯಾಟರಿ ತಂದು ಕೂರಿಸಿದರು. ಗಾಡಿ ಕೆಮ್ಮಿತು, ಉಗುಳಿತು, ಒಂದು ಮೊಟ್ಟೆಯನ್ನೂ ಉರುಳಿಸಿತು. ಆಮೇಲೆ ಗರ್ಜಿಸಿತು!

"ಅಕ್ಕಾ, ವಂಡಿ ಓಡುತ್ತೆ. ಆದ್ರೆ ಒಂದೇ ವಿಷಯ. ಇಂಜಿನ್ ಆಫ್ ಮಾಡ್ಬೇಡಿ. ಆಫ್ ಆಯ್ತಾ, ಮುಡಿಂಜು ಪೋಚ್ಚು! ಮತ್ತೆ ಏಳಲ್ಲ," ಎಂದರು ಸೆಲ್ವರಾಜ್.

ಓಡದ ಗಾಡಿ ಎಂದು ಸಾಬೀತು ಮಾಡಲು ಓಡಿಸಿಕೊಂಡು ಹೊರಟೆವು. ಸ್ಟೀರಿಂಗ್ ತಿರುಗಿಸುವುದು ಭಾರ ಎತ್ತಿದಂತಲ್ಲ ಎಂದು ನಾನೇ ವೈದ್ಯಕೀಯ ತೀರ್ಪು ಕೊಟ್ಟಿದ್ದರಿಂದ ಯಜಮಾನರು ಬೆಲ್ಟ್ ಬಿಗಿದುಕೊಂಡು ಕೂತಿದ್ದರು. ಕೆಜಿಎಫ್‌ನ ಆರ್‌ಟಿಓ ಆಫೀಸಿನ ಹೊರಗೆ ಅವರು ಗಾಡಿಯನ್ನು ಗುರುಗುಟ್ಟಿಸುತ್ತಲೇ ಇದ್ದರು. ನಾನು ಒಳಗೆ ಹೋದೆ.

ಅಲ್ಲಿದ್ದ ಸಾಹೇಬರು ಕಿಟಕಿಯಿಂದ ಇಣುಕಿದರು. "ಇದನ್ನ ರದ್ದು ಮಾಡಬೇಕಾ? ಓಡ್ತಾ ಇದೆಯಲ್ಲಮ್ಮಾ! ಇನ್ಶೂರೆನ್ಸ್ ಇದೆಯಾ? ಎಫ್‌ಸಿ ಇದೆಯಾ?"

"ಕೋಳಿಗಳಿಗೆ ಯಾವ ಇನ್ಶೂರೆನ್ಸು ಸಾರ್?"

ಸಾಹೇಬರು ಹಣೆ ಹಿಡಿದುಕೊಂಡರು. "ನಾನು ಈ ಗಾಡಿ ನೋಡಿಲ್ಲ, ನೀವು ಬಂದಿಲ್ಲ. ಗುಜರಿಗೆ ಹಾಕಿ ಚಾಸಿ ನಂಬರಿನ ತುಂಡು ತನ್ನಿ, ಸಾಕು. ಎಲ್ಲಿ, ಆರ್‌ಸಿ ಕೊಡಿ."

ರೇಷನ್ ಕಾರ್ಡು, ಆಧಾರ್, ಪಹಣಿ, ಡಾಕ್ಟರ ಚೀಟಿ, ಕೊನೆಗೆ ನಮ್ಮ ಮದುವೆಯ ಕರೆಯೋಲೆಯನ್ನೂ ತಂದಿದ್ದೆ. ಆರ್‌ಸಿ ಮಾತ್ರ ಮನೆಯಲ್ಲಿ ದೇವರ ಪಟದ ಹಿಂದೆ ಕ್ಷೇಮವಾಗಿತ್ತು!

ವಾಪಸು ಹೊರಟೆವು. ಕ್ಯಾಸಂಬಳ್ಳಿ ದಾಟುವಾಗ ಬಸ್ ಸ್ಟಾಪಿನಲ್ಲಿ ಚೀಲ ಹಿಡಿದ ಒಬ್ಬರು ಬಿಸಿಲಿಗೆ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು. ಐವತ್ತರ ಆಸುಪಾಸು. ಕೈ ಅಡ್ಡ ಹಾಕಿ ನಮ್ಮೂರಿನ ಹೆಸರು ಹೇಳಿದರು.

"ಪಾಪ, ನಮ್ಮೂರಿಗೇ ಅಂತೆ. ಅತ್ತುಸ್ಕೋ ಮಾವ."

"ಲೇ, ಗಾಡಿ ನಿಲ್ಲಿಸ್ಬಾರ್ದು ಅಂದವ್ನೆ ಸೆಲ್ವರಾಜು."

"ನಿಲ್ಲಿಸ್ಬೇಡ. ಮೆಲ್ಲಗೆ ಓಡ್ಸು. ಸಾರ್, ಓಡಿ ಬಂದು ಅತ್ತಿ!"

ಅವರು ಪಾಪ ಇಪ್ಪತ್ತು ಹೆಜ್ಜೆ ಓಡಿ, ಚೀಲ ಎಸೆದು, ಹೇಗೋ ಹತ್ತಿಕೊಂಡರು. ಉಸಿರು ಬಂದ ಮೇಲೆ ಸುತ್ತ ನೋಡಿದರು.

"ಗಾಡಿ ನಿಮ್ಮದೇನಮ್ಮಾ?"

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಆಫೀಸಿನಲ್ಲಿ ಬಡವಿ ಎನ್ನಿಸಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ದಾರಿಯಲ್ಲಿ ಸಿಕ್ಕ ಅಪರಿಚಿತರ ಮುಂದೆ ಬಡವಿಯಾಗಿರುವುದು ಅಭ್ಯಾಸವಿಲ್ಲ.

"ನಂದೇ ಸಾರ್! ನನ್ ಎಸ್ರಲ್ಲೇ ಐತೆ. ಇವ್ರು ಬರೀ ಡ್ರೈವರ್ರು."

"ಪರವಾಗಿಲ್ಲ, ಚೆನ್ನಾಗಿ ಓಡ್ತಿದೆ."

"ಚಿನ್ನದಂಗೆ ಓಡ್ತದೆ! ಈಗಿಂದೀಗ್ಲೇ ತಿರುಪತಿಗೆ ಅಂದ್ರೂ ರೆಡಿ."

"ಜಮೀನೂ ಇರಬೇಕು?"

"ಅಗೋ, ಆ ಗುಡ್ಡದ ತನಕ ನಮ್ಮೋರ್ದೇ ಸಾರ್." ಅದು ಸುಳ್ಳಲ್ಲ. ನಮ್ಮೋರು ಎಂದರೆ ನಮ್ಮ ಕುಲದವರು, ಮೂವತ್ತೆರಡು ಮನೆ! ಯಜಮಾನರು ಎರಡು ಸಲ ಕೆಮ್ಮಿದರು. ಹೊಗೆ ಇರಬೇಕು ಎಂದುಕೊಂಡೆ.

"ನಮ್ಮೂರಲ್ಲಿ ಯಾರ್ ಮನೇಗೆ ಸಾರ್ ನೀವು?"

ಅವರು ಚೀಲದಿಂದ ಕಡತ ತೆಗೆದು ಓದಿದರು. "ಮುನಿರತ್ನಮ್ಮ ಅಂತ. ವ್ಯಾನು ಕೆಟ್ಟು ನಿಂತಿದೆ, ಓಡೋದೇ ಇಲ್ಲ, ಬಿಪಿಎಲ್ ಕಾರ್ಡು ವಾಪಸ್ ಕೊಡಿ ಅಂತ ಅರ್ಜಿ ಹಾಕಿದ್ದಾರೆ. ನಾನು ಫುಡ್ ಇನ್ಸ್‌ಪೆಕ್ಟರು. ಹೌದೋ ಅಲ್ಲವೋ ನೋಡಬೇಕು."

ಯಜಮಾನರ ಕಾಲು ಬ್ರೇಕಿನ ಮೇಲೆ ಬಿತ್ತು. ಗಾಡಿ ಎರಡು ಸಲ ಕುಪ್ಪಳಿಸಿ ನಿಂತಿತು. ಮುಡಿಂಜು ಪೋಚ್ಚು!

ಇನ್ಸ್‌ಪೆಕ್ಟರು ಕಡತ ಮಡಚಿದರು.

"ಆ ಮುನಿರತ್ನಮ್ಮ ನಿಮಗೇನಾದರೂ ಗೊತ್ತಾ?" ಎಂದರು.

"ಚೆಂದಾಗಿ ಗೊತ್ತು ಸಾರ್," ಎಂದರು ಯಜಮಾನರು. "ಬಾಯಿ ಒಂಚೂರು ಜಾಸ್ತಿ."

ಹಾಗೆಂದು ಇಳಿದವರೇ ಹಳೇ ಡ್ರೈವರರ ಅಭ್ಯಾಸದಂತೆ ಹಿಂದೆ ಹೋಗಿ ಗಾಡಿಗೆ ಹೆಗಲು ಕೊಟ್ಟರು. "ಮಾವ, ತಳ್ಬೇಡ!" ಎಂದು ನಾನು ಕಿರುಚುವಷ್ಟರಲ್ಲಿ ಕೈ ಹೊಟ್ಟೆಯ ಕೆಳಗೆ ಒತ್ತಿಕೊಂಡು ರಸ್ತೆಯಂಚಿನಲ್ಲಿ ಕುಳಿತುಬಿಟ್ಟರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ನನ್ನ ಜಂಬವೆಲ್ಲ ಅಲ್ಲೇ ಇಳಿಯಿತು. ಅವರ ಬೆನ್ನು ಸವರುತ್ತಾ, ಅಳುತ್ತಾ, ಇನ್ಸ್‌ಪೆಕ್ಟರಿಗೆ ಎಲ್ಲ ಹೇಳಿದೆ. ಬಿಳಿ ಬೋರ್ಡು, ಕೋಳಿ, ಸೆಲ್ವರಾಜರ ಬ್ಯಾಟರಿ, ಎರಡು ತಿಂಗಳ ಗಡುವು. "ಜಂಬ ಕೊಚ್ಚಿದ್ದು ನಾನು ಸಾರ್. ಅದಕ್ಕೆ ಇವರ ಪ್ರಾಣ ಯಾಕ್ ಓಗ್ಬೇಕು?"

ಐದು ನಿಮಿಷದಲ್ಲಿ ನೋವು ಇಳಿಯಿತು. ಇನ್ಸ್‌ಪೆಕ್ಟರು ಅವರಿಗೆ ನೀರು ಕುಡಿಸಿ, ಕೈಹಿಡಿದು ಎಬ್ಬಿಸಿದರು. "ನೀವು ಸ್ಟೀರಿಂಗ್ ಹಿಡೀರಿ ಯಜಮಾನ್ರೇ," ಎಂದು ತಮ್ಮ ತೋಳು ಮಡಚಿದರು. ಅಲ್ಲಿಂದ ನಮ್ಮೂರಿಗೆ ಮುಕ್ಕಾಲು ಮೈಲಿ, ಅರ್ಧ ಏರು. ಒಂದು ಕಡೆ ನಾನು, ಇನ್ನೊಂದು ಕಡೆ ಸರ್ಕಾರ! ಇಬ್ಬರೂ ಸೇರಿ ನನ್ನ ಆಸ್ತಿಯನ್ನು ತಳ್ಳಿದೆವು. ಊರಿಗೆ ಊರೇ ಜಗುಲಿ ಮೇಲೆ ನಿಂತು ನೋಡಿತು.

ಹಿತ್ತಿಲಲ್ಲಿ ಗಾಡಿ ನಿಂತ ಕೂಡಲೇ ಕೋಳಿಗಳು ಒಳಗೆ ಹತ್ತಿಕೊಂಡವು. ಇನ್ಸ್‌ಪೆಕ್ಟರು ಎರಡು ಲೋಟ ಮಜ್ಜಿಗೆ ಕುಡಿದು, ಪಹಣಿ ಕೇಳಿ ನೋಡಿದರು. "ಗುಡ್ಡದ ತನಕ ಅಂದ್ರಲ್ಲಮ್ಮಾ?" ಎಂದರು. ನಾನು ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿದೆ. ಅಲ್ಲೇ ಕೂತು ವರದಿ ಬರೆದು ಓದಿ ಹೇಳಿದರು: "ಸದರಿ ವಾಹನವು ಸ್ವಂತ ಶಕ್ತಿಯಿಂದ ಚಲಿಸುವುದಿಲ್ಲ. ಇದನ್ನು ನಾನು ಖುದ್ದಾಗಿ ತಳ್ಳಿ ಪರಿಶೀಲಿಸಿರುತ್ತೇನೆ." ಹನ್ನೊಂದು ವರ್ಷದಲ್ಲಿ ಅಷ್ಟು ಒಳ್ಳೆಯ ವಾಕ್ಯ ನಾನು ಬರೆದಿರಲಿಲ್ಲ.

"ಬರೀ ಇದರಿಂದ ಆಗಲ್ಲ. ನೋಂದಣಿ ರದ್ದಾಗಲೇಬೇಕು. ಬೇಗ ಮಾಡಿಸಿ. ಮತ್ತೆ, ದಾರೀಲಿ ಯಾರಿಗೂ ಏನೂ ಹೇಳಬೇಡಿ," ಎಂದು ಹೊರಟರು.

ಮಾರನೇ ದಿನವೇ ಬಂಗಾರಪೇಟೆಯ ಗುಜರಿಯವರು ಬಂದು ನನ್ನ ಕಣ್ಣೆದುರೇ ವ್ಯಾನನ್ನು ಕತ್ತರಿಸಿದರು. ಕೋಳಿಗಳು ಮೂರು ದಿನ ಮೊಟ್ಟೆ ಇಡಲಿಲ್ಲ. ಚಾಸಿ ನಂಬರಿನ ತುಂಡನ್ನು ಬಟ್ಟೆಯಲ್ಲಿ ಸುತ್ತಿ, ಈ ಸಲ ಆರ್‌ಸಿಯನ್ನೂ ಹಿಡಿದು ಆರ್‌ಟಿಓಗೆ ಹೋದೆ. ಅಲ್ಲಿಂದ ತಾಲ್ಲೂಕು ಕಚೇರಿ, ಮತ್ತೆ ಆರ್‌ಟಿಓ, ಮತ್ತೆ ತಾಲ್ಲೂಕು ಕಚೇರಿ. ಸೀಲು ಮಸುಕಾಗಿದೆ ಎಂದರೆ ಮತ್ತೆ ಹಾಕಿಸಿಕೊಂಡು ಬಂದೆ. ಮೇಡಂ ರಜೆ ಎಂದರೆ ಬರುವವರೆಗೂ ಬೆಂಚಿನ ಮೇಲೆ ಕೂತೆ. ಬಾಯಿ ಮಾತ್ರ ಬಿಚ್ಚಲಿಲ್ಲ. ಡಾಕ್ಟರ ಗಡುವಿಗೆ ಎಂಟು ದಿನ ಉಳಿದಿರುವಾಗ ಕಾರ್ಡು ಬಿಪಿಎಲ್ ಆಯಿತು! ಐದು ದಿನ ಉಳಿದಿರುವಾಗ ಆಪರೇಷನ್ನೂ ಆಯಿತು. ಬಾಗಿಲ ಹೊರಗೆ ಎರಡು ಗಂಟೆ ನಿಂತೇ ಇದ್ದೆ. ಡಾಕ್ಟರು ಹೊರಗೆ ಬಂದು ನಕ್ಕಾಗ ನೆಲದ ಮೇಲೇ ಕೂತುಬಿಟ್ಟೆ.

ಮನೆಗೆ ಕಳಿಸುವ ದಿನ ನರ್ಸಮ್ಮ ವಾರ್ಡಿಗೆ ಬಂದರು. "ಹೊಲಿಗೆ ಇನ್ನೂ ಹಸಿ ಇದೆ. ಬಸ್ಸಲ್ಲಿ ಕುಲುಕಾಡಿಸಿಕೊಂಡು ಕರ್ಕೊಂಡು ಹೋಗಬೇಡಿ. ನಿಮ್ಮ ಮನೇಲಿ ಕಾರು ಗೀರು ಏನಾದರೂ ಇದೆಯಾ?"

ನಾನು ಎದ್ದು ನಿಂತೆ. ಎದೆ ಉಬ್ಬಿಸಿದೆ.

"ಇಲ್ಲಮ್ಮಾ! ನಮ್ ಎಸ್ರಲ್ಲಿ ಒಂದು ಚಕ್ರಾನೂ ಇಲ್ಲ! ಬೇಕಾದ್ರೆ ಕಂಪ್ಯೂಟರಲ್ಲಿ ಒತ್ತಿ ನೋಡ್ಕೋ!"

ಇಡೀ ವಾರ್ಡು ತಿರುಗಿ ನೋಡಿತು. ಮಂಚದ ಮೇಲೆ ಯಜಮಾನರು ನಗು ತಡೆಯಲಾರದೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದರು.

"ಲೇ, ಇಲ್ದೇ ಇರೋದನ್ನಾದ್ರೂ ಮೆತ್ತಗೆ ಏಳೇ," ಎಂದು ನರಳಿದರು. "ಒಲಿಗೆ ಕಿತ್ತೋಗ್ತದೆ!"