ಭಾವನ ಬ್ಯಾಟರಿಯೂ ಅಕ್ಕನ ಕಲ್ಮರಿಗೆಯೂ

ನಮ್ಮ ಭಾವನಷ್ಟು ಜಾಗ್ರತೆಯ ಮನುಷ್ಯ ಇಡೀ ಘಾಜಿಯಾಬಾದಿನಲ್ಲಿ ಇನ್ನೊಬ್ಬರಿಲ್ಲ. ಅವರ ಮನೆಗೆ ಹೋಗಲು ನನಗೆ ಹೆದರಿಕೆಯಾಗುವುದು ಅದಕ್ಕೇ!

ಭಾವ ಎಂದರೆ ನನ್ನ ಅಕ್ಕನ ಗಂಡ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆ ಆಯುಸ್ಸು ಸವೆಸಿ ನಿವೃತ್ತರಾದವರು. ನಿವೃತ್ತರು ಏನು ಮಾಡಬೇಕು? ವಾಕಿಂಗ್ ಹೋಗಬೇಕು, ಮಂಡಿನೋವಿನ ಬಗ್ಗೆ ಮಾತಾಡಬೇಕು, ಲಿಫ್ಟ್ ಕೆಟ್ಟಿದೆಯೆಂದು ಸೊಸೈಟಿಯವರ ಜೊತೆ ಜಗಳವಾಡಬೇಕು. ಈ ಮಹಾಶಯರು ಟ್ರಕ್ ಓಡಿಸುತ್ತಾರೆ! ನಿಜವಾದ ಟ್ರಕ್ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ; ಹೆದ್ದಾರಿ ಹಿಡಿದು ಹೋಗಿಬಿಡುತ್ತಿದ್ದರು, ಅಕ್ಕನಿಗೂ ನೆಮ್ಮದಿ. ಇದು ಬೆಕ್ಕಿನ ಗಾತ್ರದ್ದು, ರಿಮೋಟಿನಿಂದ ಓಡುವಂಥದ್ದು. ಆಟಿಕೆ ಅಂದಿರೋ, ಕೆಟ್ಟಿರಿ.

“ಆಟಿಕೆ ಅಲ್ಲಮ್ಮ, ಮಾಡೆಲ್. ಇದರ ಬ್ಯಾಟರಿ ಎಂಥದು ಗೊತ್ತಾ? ಲಿಥಿಯಂ!”

ಗೊತ್ತಿಲ್ಲ ಭಾವ, ಗೊತ್ತಾಗುವುದೂ ಬೇಡ, ಎಂದು ಹೇಳಿ ಪಾರಾಗಲು ಸಾಧ್ಯವೇ? ಕೂರಿಸಿಕೊಂಡು ಪಾಠ ಶುರು. “ಮಿಕ್ಸಿ ಪ್ಲಗ್ ಕಿತ್ತರೆ ಮಿಕ್ಸಿ ಸತ್ತ ಹಾಗೆ. ಇದಕ್ಕೆ ಪ್ಲಗ್ಗೇ ಇಲ್ಲ, ಕರೆಂಟು ಹೊಟ್ಟೆಯೊಳಗೇ ಇದೆ. ಕೆಂಪು ತಂತಿ, ಕಪ್ಪು ತಂತಿ ಎರಡೂ ಒಂದಕ್ಕೊಂದು ತಗಲಬಾರದು. ತಗಲಿದರೆ ಮುಗೀತು, ಬೆಂಕಿ!” ಇಷ್ಟು ಹೇಳಿ, ಆ ಬೆಂಕಿಯ ಮೂಟೆಯನ್ನು ಅಕ್ಕನ ಡೈನಿಂಗ್ ಟೇಬಲ್ಲಿನ ಮೇಲೆ, ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲಿ ಇಟ್ಟರು. ಹೇಳಿ, ಇಂಥವರ ಮೇಲೆ ಸಿಟ್ಟು ಬರಬೇಕೋ ಬಾರದೋ?

ಸಿಟ್ಟಿನ ಕಥೆ ಇನ್ನೂ ಇದೆ. ಈ ಬ್ಯಾಟರಿಗಳನ್ನು ಚಾರ್ಜ್ ಮಾಡುವಾಗ ಬೆಂಕಿಗೆ ಜಗ್ಗದ, ಕರೆಂಟು ಹರಿಯದ ಪಾತ್ರೆಯೊಂದು ಬೇಕಂತೆ. ಬೇರೆಯವರು ಅದಕ್ಕೆಂದೇ ಚೀಲ ಕೊಳ್ಳುತ್ತಾರೆ. ನಮ್ಮ ಭಾವ ಅಡುಗೆಮನೆಗೆ ನುಗ್ಗಿ ಅಕ್ಕನ ಕಲ್ಮರಿಗೆ ಎತ್ತಿಕೊಂಡು ಹೋದರು! ನಮ್ಮಮ್ಮ ಗೊಜ್ಜು ಕುದಿಸುತ್ತಿದ್ದ ಬಳಪದ ಕಲ್ಲಿನ ಪಾತ್ರೆ ಅದು. ಅಕ್ಕ ಮದುವೆಯಾಗಿ ಬರುವಾಗ ಸೀರೆಗಳ ನಡುವೆ ಸುತ್ತಿ, ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ದೆಹಲಿಗೆ ತಂದದ್ದು. ಈಗ ಅದು ಬಾಲ್ಕನಿಯಲ್ಲಿ, ಮರಳು ತುಂಬಿದ ಬಕೆಟ್ಟಿನ ಪಕ್ಕ ಕೂತು ಬ್ಯಾಟರಿ ಹೊರುತ್ತದೆ.

“ಇದಕ್ಕಿಂತ ಸೇಫ್ ಪಾತ್ರೆ ಇಲ್ಲ ಕಣೇ,” ಎಂದು ಭಾವ.

“ಹಾಗಾದ್ರೆ ನನ್ನನ್ನೂ ಅದರೊಳಗೇ ಇಟ್ಟುಬಿಡಿ,” ಎಂದು ಅಕ್ಕ.

ದೆಹಲಿಯ ಸರೋಜಿನಿ ನಗರದಲ್ಲಿ ನಮ್ಮ ಕನ್ನಡದವರೊಬ್ಬರು ಪ್ರತಿವರ್ಷ ಗಣಪತಿ ಕೂರಿಸುತ್ತಾರೆ. ಕಳೆದ ವರ್ಷ ನಾನು ಗ್ರೇಟರ್ ನೋಯ್ಡಾದಿಂದ ಆ ಟ್ರಾಫಿಕ್ಕಿನಲ್ಲಿ ಕಾರು ಓಡಿಸಿಕೊಂಡು ಬಂದು, ಇವರಿಬ್ಬರನ್ನು ಹತ್ತಿಸಿಕೊಳ್ಳಲು ಕಾದೆ. ಅಕ್ಕ ರೇಷ್ಮೆ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಾಳೆ. ಭಾವ ಜರಿ ಪಂಚೆಯುಟ್ಟು ಬಾಲ್ಕನಿಯಲ್ಲಿ ಕಲ್ಮರಿಗೆಯ ಮುಂದೆ ಕೂತಿದ್ದಾರೆ! ಚಾರ್ಜ್ ಆಗುತ್ತಿರುವಾಗ ಬಿಟ್ಟು ಹೋಗಕೂಡದಂತೆ. ಸರಿ, ತೆಗೆದುಬಿಡಿ ಅಂದರೆ, ಅರ್ಧಕ್ಕೆ ತೆಗೆದರೆ ನಾಳೆ ಪಾರ್ಕಿನಲ್ಲಿ ಟ್ರಕ್ ಓಡಿಸುವುದು ಹೇಗೆ ಎಂದು ನನ್ನನ್ನೇ ಕೇಳುತ್ತಾರೆ. ನಾವು ಹೋಗಿ ಮುಟ್ಟುವಷ್ಟರಲ್ಲಿ ಮಂಗಳಾರತಿಯೂ ಮುಗಿದಿತ್ತು, ಕಡುಬೂ ಮುಗಿದಿತ್ತು. ಸಾಲದ್ದಕ್ಕೆ, ಭಾವ ಸೀರಿಯಲ್ ಲೈಟ್ ಬಿಚ್ಚುತ್ತಿದ್ದ ಮನೆಯ ಯಜಮಾನರನ್ನು ತಡೆದು ತಂತಿ ಕತ್ತರಿಸುವ ಶಾಸ್ತ್ರ ಬೋಧಿಸಿದರು: ಎರಡು ತಂತಿಯನ್ನು ಒಟ್ಟಿಗೆ ಕತ್ತರಿಸಕೂಡದು, ಒಂದನ್ನು ಕತ್ತರಿಸಿ ಟೇಪು ಸುತ್ತಿದ ಮೇಲೇ ಇನ್ನೊಂದು. ಪಾಪ, ಆ ಯಜಮಾನರು ಗಣಪತಿಯ ಮುಖ ನೋಡಿದರು. ಗಣಪತಿಯಾದರೂ ಏನು ಮಾಡಿಯಾನು?

ನನಗೆ ತಮಾಷೆ ಸಾಕಾಗಿಹೋದದ್ದು ಅಕ್ಕ ಫೋನಿನಲ್ಲಿ ಪಿಸುಗುಟ್ಟಿದ ದಿನ. “ಹೆದರಿಕೆ ಆಗತ್ತೆ ಕಣೇ. ಐದನೇ ಮಹಡಿ, ಬಾಲ್ಕನಿಗೆ ಗ್ರಿಲ್ಲು. ಏನಾದ್ರೂ ಆದ್ರೆ ಎಲ್ಲಿಂದ ಓಡೋದು?” ಅಷ್ಟೇ. ಮುಂದಿನ ಭಾನುವಾರ ನಾನು ಯುದ್ಧಕ್ಕೆ ಹೊರಟೆ. ಇವತ್ತು ಬ್ಯಾಟರಿಯಾದರೂ ಮನೆ ಬಿಡಬೇಕು, ಅಕ್ಕನಾದರೂ ನನ್ನ ಜೊತೆ ಹೊರಡಬೇಕು!

ನಾನು ಹೋದಾಗ ಅಕ್ಕ ಗೊಜ್ಜಿಗೆ ಹುಣಸೆಹಣ್ಣು ಕಿವುಚಿಟ್ಟು ಕಲ್ಮರಿಗೆ ಹುಡುಕುತ್ತಿದ್ದಳು. ಎಂದಿನಂತೆ ಬಾಲ್ಕನಿಯಲ್ಲಿ ಅದರೊಳಗೆ ಬ್ಯಾಟರಿ ಮಲಗಿತ್ತು. ಭಾವ ಅದಕ್ಕೊಂದು ಹೊಸ ಪಿನ್ನು ಬೆಸೆಯಲೆಂದು ಒಳಗಿನ ಕೋಣೆಯಲ್ಲಿ ಸಾಮಾನು ಹುಡುಕುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕನ ತಾಳ್ಮೆ ಕೆಟ್ಟಿತು. “ಇವತ್ತು ಇದರ ಕಥೆ ಮುಗಿಸ್ತೀನಿ ತಾಳು!” ಎಂದವಳೇ ಬ್ಯಾಟರಿ ಎತ್ತಿಕೊಂಡಳು. ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿಯನ್ನು ತಂತಿಗಳಿಗೆ ಹಾಕಿದಳು. ತಂತಿ ಕತ್ತರಿಸಿದರೆ ಕರೆಂಟು ಹೋಯಿತು ಎಂಬುದು ಅವಳ ಲೆಕ್ಕ. ಕೆಂಪು, ಕಪ್ಪು, ಎರಡೂ ಒಟ್ಟಿಗೆ!

ಚಟಾರ್ ಎಂದು ಕಿಡಿ ಹಾರಿತು. ಕತ್ತರಿ ತಂತಿಗೇ ಕಚ್ಚಿಕೊಂಡಿತು. ಹೊಗೆ ಬರತೊಡಗಿತು. ಅಕ್ಕ ಬಿಸಾಡಬೇಕೆಂಬುದನ್ನೂ ಮರೆತು, ಅದನ್ನು ಹಿಡಿದುಕೊಂಡೇ ಕಲ್ಲಾಗಿ ನಿಂತಳು. ನಾನು ಕಿರುಚಿದೆ, ಅದಕ್ಕಿಂತ ಹೆಚ್ಚಿನದೇನೂ ನನ್ನಿಂದ ಆಗಲಿಲ್ಲ. ಭಾವ ಬಂದದ್ದು ನನಗೆ ಕಾಣಲೇ ಇಲ್ಲ. ಬರಿಗೈಯಲ್ಲಿ ಅದನ್ನು ಕಿತ್ತುಕೊಂಡು, ಅಕ್ಕನನ್ನು ಭುಜದಿಂದ ಹಿಂದಕ್ಕೆ ತಳ್ಳಿ, ಬಾಲ್ಕನಿಯ ಮರಳಿನ ಬಕೆಟ್ಟಿಗೆ ಎಸೆದದ್ದಷ್ಟೇ ಕಂಡಿತು. ಅದು ಅಲ್ಲಿ ಬುಸ್ಸೆಂದು ಉರಿದು ಹೋಯಿತು. ಭಾವನ ಬಲ ಅಂಗೈ ಸುಟ್ಟಿತ್ತು.

ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರು ಗಾಯ ತೊಳೆಯುತ್ತಾ ಇದು ಹೇಗಾಯಿತೆಂದು ಗದರಿದರು, “ಅಂಕಲ್ ಜೀ, ಯೇ ಕೈಸೇ ಹುವಾ?” ಅಕ್ಕ ಬಾಯಿ ತೆರೆದಳು. ಅವಳು ಮಾತಾಡುವ ಮೊದಲೇ ಭಾವ ಹೇಳಿದರು, “ಮೇರೀ ಗಲತೀ, ಡಾಕ್ಟರ್ ಸಾಬ್.” ತಪ್ಪು ತಮ್ಮದೇ, ತಮ್ಮ ಜಾಗ್ರತೆ ಸಾಲದಾಯಿತು ಎಂದು!

ಸೀರಿಯಲ್ ಲೈಟಿನವರನ್ನೂ ಬಿಡದೆ ಪಾಠ ಹೇಳುವ ಮನುಷ್ಯ! ಜನ್ಮಕ್ಕೆಲ್ಲ ಸಾಕಾಗುವಂಥ ಪಾಠ ಎದುರಿಗೇ ಕೂತಿತ್ತು. ಅಕ್ಕನಿಗೆ ಒಂದು ಮಾತೂ ಅನ್ನಲಿಲ್ಲ.

ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬೆಂಚಿನ ಮೇಲೆ ಕೂತಾಗ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. “ಬೈರೀ ನನ್ನ. ಒಂದ್ಸಲ ಬಾಯ್ತುಂಬ ಬೈದುಬಿಡಿ.”

“ನಿನ್ನ ಕೈಗೇನೂ ಆಗಿಲ್ಲ ತಾನೇ?” ಎಂದರು ಭಾವ. “ಮೊದಲು ಸ್ವಲ್ಪ ನೀರು ಕುಡಿ.” ಎಡಗೈಯಲ್ಲಿ ಬಾಟಲಿ ಎತ್ತಿಕೊಂಡರು, ಒಂದೇ ಕೈಯಲ್ಲಿ ಮುಚ್ಚಳ ತಿರುಗಿಸಲು ನೋಡಿದರು, ಆಗದೆ ನನ್ನ ಕಡೆ ಚಾಚಿದರು. ಅದನ್ನು ತೆರೆದುಕೊಡುವಷ್ಟರಲ್ಲಿ ನನಗೂ ಅಳು ಬಂದುಬಿಟ್ಟಿತ್ತು.