ದೋಣಿ ಎತ್ತುವ ಯಂತ್ರವನ್ನು ನಾನೇ ಆರಿಸಿದ್ದು

ವಸ್ತು ಕೊಳ್ಳುವುದು ಹೆಚ್ಚುಗಾರಿಕೆಯಲ್ಲ, ಆರಿಸುವುದು ಹೆಚ್ಚುಗಾರಿಕೆ ಎಂದು ನಂಬಿದವನು ನಾನು. ಬದನೆಕಾಯಿ ಆರಿಸುವಾಗಲೂ ತರಕಾರಿಯವಳು "ಏನ್ ಸ್ವಾಮಿ, ಅಳಿಯನ್ನ ಆರಿಸ್ತಿದೀರಾ?" ಎಂದು ಕೇಳುವಷ್ಟು ಹೊತ್ತು ತೆಗೆದುಕೊಳ್ಳುತ್ತೇನೆ. ಅಷ್ಟಾದರೂ ಮನೆಯಲ್ಲಿ ನನ್ನ ಹೆಂಡತಿ ನಾಗರತ್ನಳ ಕಣ್ಣಿಗೆ ಮೊದಲು ಬೀಳುವುದು ಅದರೊಳಗಿನ ಹುಳು. ಇರಲಿ. ದೋಣಿ ಎತ್ತುವ ಯಂತ್ರವೊಂದನ್ನು ಆರಿಸಿ ನಾನು ಗೆದ್ದ ಕಥೆಯನ್ನು ಹೇಳುತ್ತೇನೆ. ದೊಡ್ಡಬಳ್ಳಾಪುರದಲ್ಲಿ ಇಂಥ ಗೆಲುವು ಇನ್ನೊಬ್ಬರಿಗೆ ಸಿಕ್ಕಿರಲಾರದು.

ನಮ್ಮದು ಮಗ್ಗದ ಮನೆ. ನಾಲ್ಕು ಪವರ್‌ಲೂಮ್‌ಗಳ ಸದ್ದಿನಲ್ಲೇ ಬೆಳೆದ ನನಗೆ ಮೌನವೆಂದರೆ ಕರೆಂಟು ಹೋಗಿದೆ ಎಂದೇ ಅರ್ಥ. ಊರಾಚೆ, ಕೆರೆಯ ಅಂಚಿನಲ್ಲಿ ಅರ್ಧ ಎಕರೆ ಜಮೀನಿದೆ. ಆ ಕೆರೆಯಲ್ಲಿ ನಾನು ಕ್ರಿಕೆಟ್ ಆಡಿದ್ದೆನೇ ಹೊರತು ಹೇಳಿಕೊಳ್ಳುವಂಥ ನೀರನ್ನು ಕಂಡಿರಲಿಲ್ಲ. ಅಂಥ ಕೆರೆ ಒಂದು ವರ್ಷದ ಮಳೆಗೆ ತುಂಬಿ ಕೋಡಿ ಬಿತ್ತು. ಊರಿನವರು ಬಾಗಿನ ಬಿಟ್ಟರು, ನಾನು ದೋಣಿ ಬಿಟ್ಟೆ. ಫೈಬರಿನದು, ನೀಲಿ ಬಣ್ಣದ್ದು, ನಾಲ್ಕು ಜನ ಆರಾಮವಾಗಿ ಕೂರಬಹುದು.

ದೋಣಿಯನ್ನು ನೀರಿಗೆ ಇಳಿಸುವುದು ಸುಲಭ. ಮೇಲೆ ತರುವುದೇ ಕಷ್ಟ. ನೀರಿನಲ್ಲೇ ಬಿಟ್ಟರೆ ತಳಕ್ಕೆ ಪಾಚಿ, ಪಕ್ಕಕ್ಕೆ ಮೈ ಉಜ್ಜುವ ಎಮ್ಮೆ, ಒಳಗೆ ಮಳೆನೀರು. ದಡಕ್ಕೆ ಎಳೆಯಲು ನಾಲ್ಕಾಳು ಬೇಕು. ಮೊದಮೊದಲು ಅಕ್ಕಪಕ್ಕದ ರೈತರು ಖುಷಿಯಿಂದ ಬಂದರು. ಆಮೇಲೆ ನನ್ನ ಸ್ಕೂಟರಿನ ಸದ್ದು ಕೇಳಿದರೆ ಸಾಕು, ರಾಗಿ ಹೊಲದಲ್ಲಿ ತಲೆ ತಗ್ಗಿಸಿ ಕೂತುಬಿಡುತ್ತಿದ್ದರು. ಮೂರನೆಯ ಸಲ ದೋಣಿ ಮುಳುಗಿದಾಗ ನಾಗರತ್ನ ನೆಲಮಂಗಲದ ತನ್ನ ಅಣ್ಣನಿಗೆ ಫೋನ್ ಮಾಡಿಬಿಟ್ಟಳು. ಅವರ ಮನೆಯಲ್ಲಿ ಹನ್ನೆರಡು ಹಸುಗಳಿವೆ. "ಮುಂದಿನ ತಿಂಗಳು ಮೊದಲನೇ ಭಾನುವಾರ ಟೆಂಪೋ ತರ್ತೀನಿ ಕಣಮ್ಮ. ಕಲಗಚ್ಚಿಗೆ ಒಳ್ಳೇ ಬಾನಿ ಆಗ್ತದೆ" ಎಂದರಂತೆ. ನನ್ನ ದೋಣಿಗೆ ಹಸುಗಳು ಬಾಯಿ ಹಾಕುವುದೇ! ಎರಡು ದಿನ ನನಗೆ ಊಟ ಸೇರಲಿಲ್ಲ.

ಮೂರನೆಯ ದಿನ ಯಂತ್ರ ಆರಿಸಲು ಕೂತೆ. ಬೆಂಗಳೂರಿನಿಂದ ಸೇಲ್ಸಿನವರೊಬ್ಬರು ಬಂದು, ಕೆರೆ ದಡದಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ನೀರಿನಲ್ಲಿ ನಾಲ್ಕು ಕಂಬ, ನಡುವೆ ತೊಟ್ಟಿಲು. ಗುಂಡಿ ಒತ್ತಿದರೆ ದೋಣಿ ಸುಮ್ಮನೆ ಮೇಲೇಳುತ್ತದೆ.

"ನಿಮ್ ಕೆರೆ ನೀರಿನ ಮಟ್ಟ ಎಷ್ಟು ಸರ್?" ಎಂದರು.

"ಯಾವ ತಿಂಗಳದು?" ಎಂದೆ.

"ತಿಂಗಳು ಅಂದ್ರೆ?"

"ದೀಪಾವಳಿಗೆ ಆಳುದ್ದ ಇರುತ್ತೆ. ಶಿವರಾತ್ರಿಗೆ ಮೊಣಕಾಲುದ್ದ. ಯುಗಾದಿ ಹೊತ್ತಿಗೆ ನೀರು ಆ ಜಾಲಿಮರದ ಹತ್ರ ಹೋಗ್ಬಿಡುತ್ತೆ."

"ಹಂಗಾದ್ರೆ ಕಂಬ?"

"ಕಂಬ ಇಲ್ಲೇ ಇರ್ತವೆ. ಮೇಕೆ ಕಟ್ಟಬಹುದು."

ಎಳನೀರು ಕುಡಿದು ಹೋದವರು ಮತ್ತೆ ನನ್ನ ಫೋನ್ ಎತ್ತಲಿಲ್ಲ. ಆಮೇಲೆ ತೇಲುವ ಡ್ರಮ್ಮುಗಳ ಮೇಲೆ ದೋಣಿ ಕೂರಿಸುವ ಇನ್ನೊಂದು ಬಗೆ ಕಂಡಿತು. ನೀರಿನ ಜೊತೆಗೇ ಏರುತ್ತದೆ, ಇಳಿಯುತ್ತದೆ. ಎಂಟು ಡ್ರಮ್ಮು ಜೋಡಿಸಿ ನಾನೇ ಮಾಡಿ ನೋಡಿದೆ. ತೇಲಿತು, ಸುಳ್ಳೇಕೆ ಹೇಳಲಿ. ದಡಕ್ಕೆ ಕಟ್ಟುವುದನ್ನು ಮರೆತಿದ್ದರಿಂದ ಮಾರನೆಯ ದಿನ ದೋಣಿ ತೂಬಿನ ಹತ್ತಿರ ಸಿಕ್ಕಿತು, ಡ್ರಮ್ಮುಗಳು ಊರಿನ ಬಚ್ಚಲುಮನೆಗಳಲ್ಲಿ ಒಂದೊಂದಾಗಿ ಕಾಣಿಸಿಕೊಂಡವು.

ಟೆಂಪೋ ಬರಲು ಎರಡು ದಿನ ಉಳಿದಿತ್ತು. ಮಗ್ಗದ ಶೆಡ್ಡಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ನಾಗರತ್ನ ಮಗ್ಗದ ಮುಂದೆ ನಿಂತು ನೇಯ್ಗೆ ನೋಡುತ್ತಿದ್ದಳು. ನೇಯ್ದಷ್ಟೂ ಬಟ್ಟೆ ಒಂದು ಉರುಳೆಗೆ ಸುತ್ತಿಕೊಳ್ಳುತ್ತದೆ. ಉರುಳೆಯ ತುದಿಗೆ ಹಲ್ಲುಚಕ್ರ, ಅದಕ್ಕೊಂದು ಕೊಕ್ಕೆ. ಟಕ್ ಟಕ್ ಎಂದು ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಕೂದಲೆಳೆಯಷ್ಟೂ ಜಾರುವುದಿಲ್ಲ.

"ರೀ, ಸೀರೆ ಆರು ಗಜ ಇರ್ಲಿ ಒಂಬತ್ತು ಗಜ ಇರ್ಲಿ, ಉರುಳೆ ಒಂದೇ ಅಲ್ವಾ?" ಎಂದಳು ನನ್ನತ್ತ ತಿರುಗದೆ. "ನೀರು ಎಷ್ಟು ದೂರ ಹೋದ್ರೇನು, ಹಗ್ಗ ಉದ್ದ ಬಿಟ್ರಾಯ್ತು. ಮೂಲೇಲಿ ಹಳೇ ಮಗ್ಗ ತುಕ್ಕು ಹಿಡೀತಾ ಬಿದ್ದಿದೆ. ನಿಮ್ಮ ಈ ಮುಖ ನೋಡಕ್ಕಾಗ್ತಿಲ್ಲ ನಂಗೆ."

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನನ್ನಂಥವರನ್ನು ನೋಡಿಯೇ ಕಟ್ಟಿರಬೇಕು. ಮಾರನೆಯ ದಿನವೇ ವೆಲ್ಡಿಂಗ್‌ನವನು ಹಳೇ ಮಗ್ಗದ ಉರುಳೆ, ಚಕ್ರ, ಕೊಕ್ಕೆಗಳನ್ನು ಕಿತ್ತು, ಉದ್ದನೆಯ ಹಿಡಿ ಕೂರಿಸಿ, ಜಮೀನಿನ ಅಂಚಿನಲ್ಲಿ ಭದ್ರವಾಗಿ ನೆಟ್ಟುಕೊಟ್ಟ. ಉರುಳೆಗೆ ಉದ್ದನೆಯ ಹಗ್ಗ ಸುತ್ತಿ, ಅದರ ತುದಿಯನ್ನು ದೋಣಿಗೆ ಕಟ್ಟಿ, ಇಳಿಜಾರಿಗೆ ನೀಲಗಿರಿ ಮರದ ದಿಮ್ಮಿಗಳನ್ನು ಹಾಸಿದೆವು.

ಭಾನುವಾರ ಭಾವ ಟೆಂಪೋ ಸಮೇತ ಬಂದರು. ನಾನೂ ಅವರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ರಾಗಿ ಹೊಲದವರೂ ಅಂದು ತಲೆಯೆತ್ತಿ ದಡಕ್ಕೆ ಬಂದಿದ್ದರು. ನಾಗರತ್ನ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿ ತಿರುಗಿಸಿದಳು. ಟಕ್, ಟಕ್, ಟಕ್. ನಾಲ್ವರು ಏದುಸಿರು ಬಿಟ್ಟು ಎಳೆಯುತ್ತಿದ್ದ ದೋಣಿ, ಒಬ್ಬ ಹೆಂಗಸಿನ ಕೈಗೆ, ಮೈಯಿಂದ ನೀರು ಸುರಿಸುತ್ತ ಎಮ್ಮೆಯ ಹಾಗೆ ನಿಧಾನವಾಗಿ ದಡ ಹತ್ತಿತು. ಜನ ಸಿಳ್ಳೆ ಹೊಡೆದರು. ಭಾವ ದೋಣಿಯನ್ನೊಮ್ಮೆ, ಟೆಂಪೋವನ್ನೊಮ್ಮೆ ನೋಡಿ, "ಗಾಡಿ ತಿರುಗಿಸ್ಕೊಳಪ್ಪ" ಎಂದು ಡ್ರೈವರಿಗೆ ಹೇಳಿದರು. ನನಗೆ ಕಣ್ಣಲ್ಲಿ ನೀರು ಬಂತು. ದೋಣಿ ಹತ್ತಿ ನಿಂತು ಎಲ್ಲರಿಗೂ ಕೈಯೆತ್ತಿ ನಮಸ್ಕಾರ ಮಾಡಿದೆ.

"ಭಲೇ ಭಾವ! ಇದನ್ನ ಆರಿಸಿದ್ದು ಯಾರು?"

"ಇನ್ಯಾರು, ನಾನೇ" ಎಂದೆ. "ಹಾಸೂ ನಂದೇ, ಹೊಕ್ಕೂ ನಂದೇ."

ನಾಗರತ್ನ ಕೊಕ್ಕೆ ಎತ್ತಿದಳು. ದೋಣಿ ನನ್ನನ್ನು ಹೊತ್ತು ಜರ್ರನೆ ಜಾರಿ, ನೀರಿಗೆ ಬಿದ್ದು, ಹಗ್ಗ ಮುಗಿಯುವವರೆಗೂ ಹೋಗಿ ನಿಂತಿತು. ಹುಟ್ಟು ದಡದಲ್ಲಿತ್ತು. ನನಗೆ ಈಜು ಬರುವುದಿಲ್ಲ.

"ಯಾರು ಆರಿಸಿದ್ದು ಅಂದ್ರಿ?" ದಡದಿಂದ ಅವಳ ದನಿ ಬಂತು. "ಗಾಳೀಲಿ ಸರಿಯಾಗಿ ಕೇಳ್ಲಿಲ್ಲ."

"ನೀನೇ ಕಣೇ!" ಎಂದು ಕೂಗಿದೆ.

ಟಕ್. ಒಂದೇ ಒಂದು ಹಲ್ಲು. ಅಲ್ಲಿಗೇ ನಿಂತಿತು.

"ಇನ್ನೊಂದ್ಸಲ ಹೇಳ್ರೀ, ಅಣ್ಣಂಗೆ ಕೇಳ್ಲಿಲ್ವಂತೆ."

ಹೇಳಿದೆ. ಟಕ್. ಮತ್ತೆ ಹೇಳಿದೆ. ಟಕ್. ದಡ ಸೇರುವ ಹೊತ್ತಿಗೆ ಗಂಟಲು ಕಟ್ಟಿಹೋಗಿತ್ತು. ಆದರೂ ಒಂದು ಮಾತು ಹೇಳಲೇಬೇಕು: ನನ್ನನ್ನೂ ಸೇರಿಸಿ ಎಳೆದರೂ ಆ ಯಂತ್ರ ಒಂದು ಹಲ್ಲಿನಷ್ಟೂ ಹಿಂದಕ್ಕೆ ಜಾರಲಿಲ್ಲ. ಆರಿಸಿದರೆ ಇಂಥದ್ದನ್ನು ಆರಿಸಬೇಕು.